ಟಾಕೀಸು ಕೆಡವಿದ ಕೂಲಿ

ಹೋದ ಬೇಸಿಗೆಯಲ್ಲಿ ನಮ್ಮೂರ ಟಾಕೀಸನ್ನು ಕೆಡವಿದರು. ಕೆಡವಿದವರಲ್ಲಿ ನಮ್ಮಪ್ಪನೂ ಒಬ್ಬ.

ಒಂದು ಜೆಸಿಬಿ, ಎರಡು ಟ್ರ್ಯಾಕ್ಟರು, ಹದಿನಾಲ್ಕು ಆಳು. ದೊಡ್ಡ ಗೋಡೆಗಳನ್ನು ಜೆಸಿಬಿ ಉರುಳಿಸಿತು. ಇಟ್ಟಿಗೆಗೆ ಅಂಟಿದ ಗಾರೆ ಕೆರೆಯುವುದು, ಕಬ್ಬಿಣ ಎಳೆದು ಗುಡ್ಡೆ ಹಾಕುವುದು, ಮರದ ತೊಲೆ ಇಳಿಸುವುದು, ಇವೆಲ್ಲ ಆಳಿನ ಕೆಲಸ. ಹದಿನಾಲ್ಕು ಆಳಿನಲ್ಲಿ ಒಂಬತ್ತು ಜನ ನಮ್ಮ ಕೇರಿಯವರು. ಮೂರನೆಯ ದಿನ ಸಂಜೆ ಅಪ್ಪ ಮನೆಗೆ ಬಂದವನು ಕೈಕಾಲು ತೊಳೆಯದೆ ಜಗಲಿ ಮೇಲೆ ಕುಂತ. ಮೈಯೆಲ್ಲ ಸುಣ್ಣದ ಧೂಳು. ಅಜ್ಜಿ ಕೇಳಿದಳು:

“ಇವತ್ತು ಯಾವ್ ಗ್ವಾಡೆ ಬಿತ್ತು?”

“ಪರದೆ ಗ್ವಾಡೆ.”

ಅಜ್ಜಿ ಮಾತಾಡಲಿಲ್ಲ. ಸೆರಗು ತೆಗೆದು ಕಣ್ಣೊರೆಸಿಕೊಂಡಳು.

ನನಗೆ ಸಿಟ್ಟು ಬಂತು. ಮೂವತ್ತು ವರ್ಷ ಆ ಟಾಕೀಸಿನ ಕಸ ಗುಡಿಸಿದವಳು ಈ ಅಜ್ಜಿ. ದಿನಕ್ಕೆ ಮೂರು ಆಟ, ಭಾನುವಾರ ನಾಲ್ಕು. ಪ್ರತಿ ಆಟ ಮುಗಿದ ಮೇಲೂ ಕಡ್ಲೇಕಾಯಿ ಸಿಪ್ಪೆ, ಬೀಡಿ ತುಂಡು, ಎಲೆಅಡಿಕೆ ಉಗುಳು, ಕೂಸುಗಳ ಉಚ್ಚೆ. ತಿಂಗಳಿಗೊಂದಿಷ್ಟು ಪುಡಿಗಾಸು, ಯುಗಾದಿಗೊಂದು ಸೀರೆ. ಪಿ.ಎಫ್. ಇಲ್ಲ, ಪಿಂಚಣಿ ಇಲ್ಲ, ಅವಳು ಅಲ್ಲಿ ದುಡಿದಳು ಅನ್ನುವುದಕ್ಕೆ ಒಂದು ಚೂರು ಕಾಗದ ಇಲ್ಲ. ಸೊಂಟ ಬಿದ್ದು ಮನೆ ಸೇರಿದಾಗ ಒಂದು ನರಪಿಳ್ಳೆ ಬಂದು ಹೇಗಿದ್ದೀಯ ಅಂತ ಕೇಳಲಿಲ್ಲ. ಅಂಥ ಟಾಕೀಸು ಬಿದ್ದರೆ ಇವಳಿಗ್ಯಾಕೆ ಕಣ್ಣೀರು?

ಅಪ್ಪನನ್ನು ಕೇಳಿದೆ: “ನಿಂಗೇನೂ ಅನ್ನಿಸ್ಲಿಲ್ವ?”

“ಹೊಟ್ಟೆ ಉರೀತು ಕಣ್ಲ. ಏಳ್ನೂರು ಕೂಲಿ ಕೊಟ್ರು” ಅಂದ.

ಒಂದೇ ಉಸಿರಿನಲ್ಲಿ ಎರಡೂ ಹೇಳಿದ. ಅವತ್ತಿನಿಂದ ಈ ಎರಡು ಮಾತು ನನ್ನನ್ನು ಕೊರೆಯುತ್ತಿವೆ. ಪ್ರಶ್ನೆ ಇಷ್ಟೆ: ನಮ್ಮದಲ್ಲದ ಕಟ್ಟಡಕ್ಕೆ ನಾವು ಅಳಬಹುದೆ? ನಮ್ಮನ್ನು ಅರ್ಧ ಮನುಷ್ಯರಂತೆ ಕಂಡ ಜಾಗವನ್ನು ಪ್ರೀತಿಸುವುದು ಗುಲಾಮಗಿರಿಯೆ? ಅಥವಾ ಪ್ರೀತಿಸಲೇ ಇಲ್ಲ ಅನ್ನುವುದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳೆ?

* * *

ನಮ್ಮೂರು ಒಂದು ತಾಲ್ಲೂಕು ಕೇಂದ್ರ. ಮೊದಲು ಟೆಂಟಿನಲ್ಲಿ ಟೂರಿಂಗ್ ಟಾಕೀಸು ನಡೆಯುತ್ತಿತ್ತಂತೆ. ಆಮೇಲೆ ಕಲ್ಲುಗೋಡೆ, ತಗಡಿನ ಮಾಡು ಬಂತು. ಅದನ್ನು ಕಟ್ಟಿದ್ದು ಪೇಟೆಯಲ್ಲಲ್ಲ, ನಮ್ಮ ಕೇರಿಯ ಪಕ್ಕದಲ್ಲಿ. ಯಾಕೆಂದರೆ ಕೇರಿಯ ಪಕ್ಕದ ಜಾಗವನ್ನು ಯಾರೂ ಮನೆ ಕಟ್ಟಲಿಕ್ಕೆ ಕೊಳ್ಳುತ್ತಿರಲಿಲ್ಲ. ಜಾಗ ಅಗ್ಗ ಅಂತ ನಮ್ಮ ಪಕ್ಕಕ್ಕೆ ಬಂದ ಟಾಕೀಸು, ಜಾಗ ದುಬಾರಿ ಆಯಿತು ಅಂತ ಹೋಯಿತು. ನಡುವಿನ ಅಷ್ಟೂ ವರ್ಷ ನಮ್ಮ ಕೇರಿಯೂ ಟಾಕೀಸಿನ ಹಿಂಗೋಡೆಯೂ ಒಂದಕ್ಕೊಂದು ಬೆನ್ನು ಕೊಟ್ಟುಕೊಂಡು ನಿಂತಿದ್ದವು.

ಸಂಜೆ ವೆಂಕಟೇಶನ ಹಾಡು ಹಾಕಿದರೆ ಮೊದಲ ಆಟ ಶುರುವಾಗುತ್ತೆ ಅಂತ ಅರ್ಥ. ಆ ಹಾಡು ಕೇಳಿ ಅವ್ವಂದಿರು ಒಲೆ ಹಚ್ಚುತ್ತಿದ್ದರು. ಕೇರಿಯಲ್ಲಿ ಗಡಿಯಾರ ಅಂತ ಇದ್ದದ್ದು ಅದೊಂದೆ. ದುಡ್ಡಿಲ್ಲದ ದಿನ ಹಿಂಗೋಡೆಗೆ ಕಿವಿ ಕೊಟ್ಟು ಕುಂತರೆ ಇಡೀ ಸಿನಿಮಾ ಕೇಳಿಸುತ್ತಿತ್ತು. ನಾನು ‘ಜೋಗಿ’ಯನ್ನು ನೋಡುವ ಮುಂಚೆ ಎಂಟು ಸಲ ಕೇಳಿದ್ದೆ. ಅದು 2005. ನನಗಾಗ ಆರು ವರ್ಷ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ ಆ ಗೋಡೆ ಮೊದಲ ಸಲ ಸುಮ್ಮನಾಯಿತು. ಅಪ್ಪ ಅವತ್ತು ಉಣ್ಣಲಿಲ್ಲ.

ಒಳಗೆ ಮೂರು ಅಂತಸ್ತು. ಮೇಲೆ ಬಾಲ್ಕನಿ, ಕೆಳಗೆ ಹಿಂದೆ ಕುರ್ಚಿ, ಎಲ್ಲಕ್ಕಿಂತ ಮುಂದೆ ಪರದೆಯ ಬುಡದಲ್ಲಿ ಗಾಂಧಿ ಕ್ಲಾಸು. ಬಡವರು ಕೂರುವ ಜಾಗಕ್ಕೆ ಗಾಂಧಿಯ ಹೆಸರು ಇಟ್ಟವರು ಯಾರೋ ತಿಳಿಯದು. ಆ ಹೆಸರಿನಲ್ಲಿ ಗೌರವಕ್ಕಿಂತ ಕುಹಕ ಜಾಸ್ತಿ. ಅಂಬೇಡ್ಕರ್ ಫೋಟೋ ಮನೆಯಲ್ಲಿಟ್ಟುಕೊಂಡ ನಮ್ಮ ಜನ ಗಾಂಧಿ ಕ್ಲಾಸಿನಲ್ಲಿ ಕೂತು ಸಿನಿಮಾ ನೋಡಿದರು. ಬಾಲ್ಕನಿಗೆ ಮುಂಬಾಗಿಲು, ಮೆಟ್ಟಿಲು. ಗಾಂಧಿ ಕ್ಲಾಸಿಗೆ ಪಕ್ಕದ ಓಣಿಯ ಸಣ್ಣ ಬಾಗಿಲು. ಆ ಓಣಿಯೇ ಎಲ್ಲರ ಉಚ್ಚೆಯ ಜಾಗವೂ ಆಗಿತ್ತು.

* * *

ಇಷ್ಟಾದರೂ ಆ ಟಾಕೀಸಿನಲ್ಲಿ ಒಂದು ವಿಚಿತ್ರ ಇತ್ತು. ಅದನ್ನು ನನಗೆ ತೋರಿಸಿಕೊಟ್ಟದ್ದು ತಾತನ ಕಥೆ. ತಾತ ಈಗಿಲ್ಲ. ಅಜ್ಜಿ ಹೇಳಿದ್ದು.

ತಾತ ಜೀತಕ್ಕಿದ್ದ. ಊರಿನ ಬೀದಿಯಲ್ಲಿ ಗೌಡ ಎದುರಾದರೆ ಹೆಗಲ ಮೇಲಿನ ಟವೆಲ್ಲು ಸೊಂಟಕ್ಕೆ ಇಳಿಯಬೇಕು, ಕಾಲಿನ ಎಕ್ಕಡ ಕೈಗೆ ಬರಬೇಕು. ಗುಡಿಯಲ್ಲಿ ನಮ್ಮ ಜಾಗ ಹೊರಗೆ, ಎಲ್ಲರಿಗಿಂತ ಹಿಂದೆ. ಹರಿಕಥೆಯಾದರೂ ಅಷ್ಟೆ, ಪಂಚಾಯ್ತಿಯಾದರೂ ಅಷ್ಟೆ: ಮುಂದೆ ಅವರು, ಹಿಂದೆ ನಾವು. ಇಡೀ ಊರಿನಲ್ಲಿ ನಾವು ಮುಂದೆ, ಅವರು ಹಿಂದೆ ಇದ್ದ ಜಾಗ ಒಂದೇ ಒಂದು. ಅದು ಟಾಕೀಸು. ಹತ್ತಿರದಿಂದ ನೋಡಿದರೆ ಕತ್ತು ನೋಯುತ್ತೆ, ಕಣ್ಣುರಿಯುತ್ತೆ ಅಂತ ಅವರು ಹಿಂದೆ ಹೋದರು. ಕತ್ತು ನೋವಿಗೆ ರಿಯಾಯಿತಿ ದರದಲ್ಲಿ ನಮಗೆ ಮುಂದಿನ ಜಾಗ ಸಿಕ್ಕಿತು. ಅವರಿಗೆ ನಮ್ಮ ಬೆನ್ನು ನೋಡದೆ ಸಿನಿಮಾ ನೋಡಲಿಕ್ಕೆ ಆಗುತ್ತಿರಲಿಲ್ಲ.

ದೀಪ ಆರಿದ ಮೇಲೆ ತಾತ ಟವೆಲ್ಲನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದನಂತೆ. ಕಾಲು ಚಾಚಿ, ಎಕ್ಕಡ ಮೆಟ್ಟಿಕೊಂಡೇ ಕೂರುತ್ತಿದ್ದನಂತೆ. ಗೌಡ ಅದೇ ಸೂರಿನ ಕೆಳಗೆ ಹಿಂದಿನ ಕುರ್ಚಿಯಲ್ಲಿ ಕೂತಿರುತ್ತಿದ್ದ. ಒಂದೇ ಹಾಡಿಗೆ ಇಬ್ಬರೂ ತಲೆದೂಗುತ್ತಿದ್ದರು, ಒಂದೇ ಸಾವಿಗೆ ಇಬ್ಬರೂ ಅಳುತ್ತಿದ್ದರು. ಕತ್ತಲಲ್ಲಿ ಯಾರ ಕಣ್ಣೀರು ಯಾವ ಜಾತಿಯದು ಅಂತ ಹೇಳುವವರು ಯಾರು?

ಆಮೇಲೆ ಇಂಟರ್‌ವಲ್ಲು. ಫಕ್ಕನೆ ದೀಪ ಹತ್ತಿಕೊಳ್ಳುತ್ತಿತ್ತು.

“ಲೈಟ್ ಬಂದೇಟ್ಗೆ ನಿಮ್ ತಾತ ಹಿಂದಕ್ಕೆ ತಿರುಗಿ ನೋಡೋನು ಕಣ್ ಮಗ” ಅನ್ನುತ್ತಾಳೆ ಅಜ್ಜಿ. “ಗೌಡ್ರು ಕಂಡ್ರೆ ಟವೆಲ್ಲು ಕೆಳಕ್ಕೆ. ಕಾಣ್ದಿದ್ರೆ ಅಂಗೇ ಬುಟ್ಕಂಡಿರೋನು.”

ನಾನು ಕಾಲೇಜಿನಲ್ಲಿ ಸಮಾನತೆಯ ಬಗ್ಗೆ ಓದಿದ ಪುಸ್ತಕಗಳೆಲ್ಲ ಈ ಒಂದು ಟವೆಲ್ಲಿನ ಮುಂದೆ ಸಪ್ಪೆ. ಕಾಣದಿದ್ದಾಗ ಸಮಾನರಾಗಿರುವುದು ಒಂದು. ಕಂಡ ಮೇಲೂ ಸಮಾನರಾಗಿರುವುದು ಇನ್ನೊಂದು. ಟಾಕೀಸು ನಮಗೆ ಕೊಟ್ಟದ್ದು ಮೊದಲನೆಯದನ್ನು ಮಾತ್ರ. ಅಸ್ಪೃಶ್ಯತೆ ನಡೆಯಬೇಕಾದರೆ ಎದುರಿಗಿರುವವನು ಯಾರು ಅಂತ ಗೊತ್ತಾಗಬೇಕು. ಕತ್ತಲು ಆ ಗುರುತನ್ನು ಎರಡೂವರೆ ಗಂಟೆ ಮುಚ್ಚಿಡುತ್ತಿತ್ತು. ಅಳಿಸುತ್ತಿರಲಿಲ್ಲ.

ಆದರೂ ಆ ಎರಡೂವರೆ ಗಂಟೆಯನ್ನು ಸುಮ್ಮನೆ ತಳ್ಳಿಹಾಕಲಾರೆ. ಇಂಟರ್‌ವಲ್ಲಿನಲ್ಲಿ ಗೋಲಿ ಸೋಡಾ ಮಾರುತ್ತಿದ್ದರು. ಊರಿನ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇದ್ದ ಕಾಲ ಅದು. ಗೋಲಿ ಸೋಡಾಕ್ಕೆ ಬೇರೆ ಬಾಟಲಿ ಇಡುವುದು ಹೇಗೆ? ಬಾಟಲಿ ಖಾಲಿಯಾದರೆ ಕ್ರೇಟಿಗೆ, ಕ್ರೇಟು ಫ್ಯಾಕ್ಟರಿಗೆ, ತುಂಬಿಸಿ ಮತ್ತೆ ಟಾಕೀಸಿಗೆ. ಇವತ್ತು ತಾತ ಬಾಯಿಟ್ಟ ಬಾಟಲಿಗೆ ನಾಳೆ ಯಾರು ಬಾಯಿಡುತ್ತಾರೋ. ತಾತನಿಗೆ ಇದು ಗೊತ್ತಿತ್ತು. ಬೇಕಂತಲೇ ಬಾಟಲಿಯ ಕತ್ತನ್ನು ಪೂರ್ತಿ ಬಾಯಿಗಿಟ್ಟುಕೊಂಡು ಕುಡಿದು ಅಜ್ಜಿಯ ಕಡೆ ನೋಡಿ ನಗುತ್ತಿದ್ದನಂತೆ. ಜೀತದಾಳಿನ ಆ ನಗುವನ್ನು ಬಂಡಾಯ ಅನ್ನದೆ ಇನ್ನೇನೆನ್ನಲಿ?

* * *

ಹಾಗಂತ ಕತ್ತಲಿನ ಗುಣಗಾನ ಮಾಡುತ್ತಾ ಕೂತರೆ ನಾನೂ ಸುಳ್ಳುಗಾರನಾಗುತ್ತೇನೆ. ಕತ್ತಲು ಎಲ್ಲರಿಗೂ ಒಂದೇ ಆಗಿರಲಿಲ್ಲ.

ನಮ್ಮವ್ವ ಸಿನಿಮಾಕ್ಕೆ ಹೋಗುವಾಗ ಬಲಗೈಯಲ್ಲಿ ಒಂದು ಸೇಫ್ಟಿ ಪಿನ್ನು ಹಿಡಿದುಕೊಂಡೇ ಕೂರುತ್ತಿದ್ದಳು. ಹಿಂದಿನಿಂದ, ಪಕ್ಕದಿಂದ ಕೈ ಬರುತ್ತಿತ್ತು. ಗಂಡಸಿನ ಜಾತಿ ಮುಚ್ಚಿದ ಕತ್ತಲೇ ಗಂಡಸಿನ ಕೈಯನ್ನೂ ಮುಚ್ಚುತ್ತಿತ್ತು. ತಾತನಿಗೆ ಬಿಡುಗಡೆಯಾದದ್ದು ಅವ್ವನಿಗೆ ಹೆದರಿಕೆ. ಇದನ್ನು ನಮ್ಮ ಗಂಡುಮಕ್ಕಳ ನೆನಪಿನ ಬರಹಗಳು ಹೇಳುವುದಿಲ್ಲ.

ಇನ್ನು ಅಜ್ಜಿ. ಅಜ್ಜಿಗೆ ಕತ್ತಲಿನ ಪಾಲು ಸಿಗಲೇ ಇಲ್ಲ. ಆಟ ಮುಗಿದು ದೀಪ ಹತ್ತಿದ ಮೇಲೆ ಅವಳ ಕೆಲಸ ಶುರು. ಮುಂದಿನ ಆಟದ ಜನ ಗೇಟಿನಲ್ಲಿ ನೂಕಾಡುತ್ತಿರುವಾಗ ಕಾಲು ಗಂಟೆಯಲ್ಲಿ ಇಡೀ ಹಾಲು ಗುಡಿಸಬೇಕು. ಆಟ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಕಸಬರಿಕೆ ಹಿಡಿದು ನಿಂತಿರಬೇಕು. ಹಾಗಾಗಿ ಅವಳು ನೋಡಿದ್ದೆಲ್ಲ ಕೊನೆಯ ಹತ್ತು ನಿಮಿಷ. ಮೂವತ್ತು ವರ್ಷದ ಸಿನಿಮಾಗಳ ಕ್ಲೈಮ್ಯಾಕ್ಸು ಅವಳಿಗೆ ಬಾಯಿಪಾಠ. ಯಾರು ಸಾಯುತ್ತಾರೆ, ಯಾರು ಒಂದಾಗುತ್ತಾರೆ ಎಲ್ಲ ಗೊತ್ತು. ಯಾಕೆ ಅಂತ ಗೊತ್ತಿಲ್ಲ.

“ಅಷ್ಟೂ ಜನ ಅತ್ಕಂಡ್ ಬರೋರು. ನಾನು ಔರ ಮಕ ನೋಡಿ, ಓ ಸಿನ್ಮಾ ಚೆಂದಾಗದೆ ಅನ್ಕಳ್ಳೋಳು” ಅನ್ನುತ್ತಾಳೆ.

ಟಾಕೀಸಿನ ಕತ್ತಲಿಗೆ ಜಾತಿ ಇರಲಿಲ್ಲ ಅನ್ನುವ ಮಾತನ್ನು ಬಹಳ ಜನ ಹೇಳುತ್ತಾರೆ. ಇರಲಿಲ್ಲ, ಒಪ್ಪುತ್ತೇನೆ. ಕಸಬರಿಕೆಗೆ ಇತ್ತು. ಮೂವತ್ತು ವರ್ಷದಲ್ಲಿ ಅಲ್ಲಿ ಕಸ ಗುಡಿಸಿದವರೆಲ್ಲ ನಮ್ಮ ಕೇರಿಯವರು. ಟಿಕೆಟ್ ಹರಿಯುವ ಕೆಲಸಕ್ಕೆ, ಬುಕಿಂಗ್ ಕಿಂಡಿಯೊಳಗೆ, ರೀಲು ಓಡಿಸುವ ಕೋಣೆಗೆ ಒಬ್ಬನೇ ಒಬ್ಬ ನಮ್ಮವನನ್ನು ಸೇರಿಸಲಿಲ್ಲ.

ಪರದೆಯ ಮೇಲಾದರೂ ನಾವಿದ್ದೆವೆ? 1954ರಲ್ಲಿ ರಾಜ್‌ಕುಮಾರ್ ನಾಯಕನಾದ ಮೊದಲ ಸಿನಿಮಾ ‘ಬೇಡರ ಕಣ್ಣಪ್ಪ’. ಶಿವನಿಗೆ ತನ್ನ ಕಣ್ಣನ್ನೇ ಕಿತ್ತು ಕೊಡುವ ಬೇಡನ ಕಥೆ. ದೇವರ ಹತ್ತಿರ ಹೋಗಲಿಕ್ಕೆ ಕಣ್ಣು ಕಳೆದುಕೊಳ್ಳಬೇಕಾದವನ ಕಥೆಯನ್ನು ನಮ್ಮ ಹಿರಿಯರು ಕಣ್ಣರಳಿಸಿ ನೋಡಿದರು. ಅದಾದ ಮೇಲೆ ಎಷ್ಟೋ ಸಿನಿಮಾಗಳಲ್ಲಿ ನಮ್ಮವರು ಪಂಜು ಹಿಡಿಯುವವರು, ಗೌಡರ ಗಾಡಿ ಹೊಡೆಯುವವರು, ಇಲ್ಲವೆ ನಗಿಸುವ ಆಳು. ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು ತೆಗೆದ ‘ಚೋಮನ ದುಡಿ’ 1975ರಲ್ಲಿ ಬಂತು. ಆ ವರ್ಷ ಇಡೀ ದೇಶದ ಶ್ರೇಷ್ಠ ಚಿತ್ರ ಅಂತ ಸ್ವರ್ಣಕಮಲ ಪಡೆಯಿತು. ಚೋಮನಾಗಿದ್ದ ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಅದು ನಮ್ಮೂರ ಟಾಕೀಸಿಗೆ ಬಂದದ್ದನ್ನು ಕಂಡವರು ನಮ್ಮ ಕೇರಿಯಲ್ಲಿ ಒಬ್ಬರೂ ಇಲ್ಲ. ಉಳಲಿಕ್ಕೆ ಒಂದು ತುಂಡು ಭೂಮಿ ಸಿಗದೆ ದುಡಿ ಬಡಿದುಕೊಂಡು ಸತ್ತ ಚೋಮ ದೆಹಲಿ ತನಕ ಹೋದ. ನಮ್ಮ ಕೇರಿ ಪಕ್ಕದ ಟಾಕೀಸಿಗೆ ಬರಲಿಲ್ಲ.

* * *

ಇದು ನಮ್ಮೂರಿನದೊಂದೇ ಕಥೆಯಲ್ಲ. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ, ಗಾಂಧಿನಗರದಲ್ಲಿ ಸಾಲುಸಾಲಾಗಿದ್ದ ಟಾಕೀಸುಗಳು ಒಂದೊಂದೇ ಹೋದವು. ಮೆಜೆಸ್ಟಿಕ್ ಅನ್ನುವುದು ಮೊದಲು ಒಂದು ಟಾಕೀಸಿನ ಹೆಸರು. ಟಾಕೀಸು ಹೋಗಿ ಕಾಲವಾಯಿತು. ಊರಿಂದ ಗಂಟುಮೂಟೆ ಕಟ್ಟಿಕೊಂಡು ಕೂಲಿಗೆ ಬರುವ ನಮ್ಮ ಜನ ಕಂಡಕ್ಟರಿಗೆ ಇವತ್ತಿಗೂ ‘ಮೆಜೆಸ್ಟಿಕ್ಕಿಗೆ ಕೊಡಿ’ ಅಂತಲೇ ಟಿಕೆಟ್ ಕೇಳುತ್ತಾರೆ. 1968ರಲ್ಲಿ ಶುರುವಾದ ಕಪಾಲಿ 2017ರಲ್ಲಿ ನಿಂತು ಕೆಡವಲ್ಪಟ್ಟಿತು. ‘ಓಂ’ ಸಿನಿಮಾವನ್ನು ಮತ್ತೆ ಮತ್ತೆ ಹಾಕಿ ಮತ್ತೆ ಮತ್ತೆ ತುಂಬಿಸಿದ ಕಪಾಲಿ ಅದು. ಸದಾಶಿವನಗರದ ಹತ್ತಿರ 1974ರಲ್ಲಿ ‘ಬಂಗಾರದ ಪಂಜರ’ದಿಂದ ಶುರುವಾದ ಕಾವೇರಿ 2024ರಲ್ಲಿ ಬಾಗಿಲು ಹಾಕಿತು.

ಕಾರಣಗಳು ಗುಟ್ಟಲ್ಲ. ಮೊದಲು ಮನೆಮನೆಗೆ ಟಿ.ವಿ. ಬಂತು. ರೀಲಿನ ಡಬ್ಬಗಳು ಹೋಗಿ ಡಿಜಿಟಲ್ ಯಂತ್ರ ಬಂದಾಗ ಸಣ್ಣ ಊರಿನ ಎಷ್ಟೋ ಟಾಕೀಸಿನವರು ಅದಕ್ಕೆ ದುಡ್ಡು ಹಾಕಲಾರದೆ ಕೂತರು. ಮಾಲ್ ಬಂತು. ಸಿನಿಮಾ ಅಂಗೈಯ ಫೋನಿಗೆ ಬಂತು. 2020ರ ಮಾರ್ಚ್ 14ರಂದು ಕೊರೋನಾ ಅಂತ ರಾಜ್ಯದ ಟಾಕೀಸುಗಳನ್ನೆಲ್ಲ ಮುಚ್ಚಿಸಿದರು. ಅಕ್ಟೋಬರಿನಲ್ಲಿ ತೆರೆಯಬಹುದು ಅಂದಾಗ ಎಷ್ಟೋ ಬಾಗಿಲುಗಳು ತೆರೆಯಲಿಲ್ಲ. ನಮ್ಮೂರಿನದೂ ಹಾಗೇ. ಎಲ್ಲಕ್ಕಿಂತ ಹೆಚ್ಚಾಗಿ, ಸಿನಿಮಾ ತೋರಿಸಿ ಬರುವ ದುಡ್ಡಿಗಿಂತ ಕಾಲ ಕೆಳಗಿನ ನೆಲ ತರುವ ದುಡ್ಡು ದೊಡ್ಡದಾಯಿತು. ವ್ಯಾಪಾರಕ್ಕೆ ಕಟ್ಟಿದ್ದನ್ನು ವ್ಯಾಪಾರವೇ ಕೆಡವಿತು.

ಬೆಂಗಳೂರಿನ ಟಾಕೀಸುಗಳು ಬಿದ್ದಾಗ ಪತ್ರಿಕೆಗಳಲ್ಲಿ ಕಣ್ಣೀರಿನ ಬರಹಗಳು ಬಂದವು. ಓದಿದ್ದೇನೆ. ಒಳ್ಳೆಯ ಬರಹಗಳೇ. ಅಪ್ಪನ ಜೊತೆ ಹೋದದ್ದು, ಬಾಲ್ಕನಿಯಲ್ಲಿ ಕೂತು ಪಾಪ್‌ಕಾರ್ನ್ ತಿಂದದ್ದು, ಮೊದಲ ಪ್ರೀತಿ. ನಾನು ಓದಿದ ಬರಹಗಳಲ್ಲಿ ದೀಪ ಹತ್ತಿದ ಮೇಲೆ ಒಳಗೆ ಬರುವ ಹೆಂಗಸು ಇರಲಿಲ್ಲ. ಬರೆದವರು ಕೆಟ್ಟವರೇನಲ್ಲ. ಅವಳು ಬರುವ ಹೊತ್ತಿಗೆ ಅವರು ಎದ್ದು ಹೋಗಿರುತ್ತಿದ್ದರು, ಅಷ್ಟೆ.

ಇನ್ನೊಂದು ತುದಿಯಲ್ಲಿ ನನ್ನ ಹಾಸ್ಟೆಲ್ ಗೆಳೆಯ. ಈಗ ಲಾ ಓದುತ್ತಿದ್ದಾನೆ. ಫೋನ್ ಮಾಡಿ ಟಾಕೀಸು ಬಿತ್ತು ಅಂದೆ. “ಬೀಳ್ಲಿ ಬಿಡೋ. ಧಣಿ ಕಟ್ಟಡ ಬಿದ್ರೆ ಆಳ್ಯಾಕೆ ಅಳ್ಬೇಕು? ನಾಳೆ ಗೌಡನ ಹಟ್ಟಿ ಬಿದ್ರೂ ಅಳ್ತೀಯ? 1948ರ ನವೆಂಬರ್ 4ರಂದು ಬಾಬಾಸಾಹೇಬರು ಸಂವಿಧಾನ ಸಭೇಲಿ ಹಳ್ಳಿ ಬಗ್ಗೆ ಏನಂದ್ರು ಓದಿದೀಯಲ್ಲ?” ಅಂದ. ಓದಿದ್ದೇನೆ. ಹಳ್ಳಿ ಅಂದರೆ ಸ್ವರ್ಗ ಅಂತ ಎಲ್ಲರೂ ಹಾಡುತ್ತಿದ್ದಾಗ, ಅದು ಅಜ್ಞಾನದ, ಸಣ್ಣತನದ, ಜಾತಿಮತದ ಗವಿ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದವರು ಅವರು. ಹಳೆಯದು ಅನ್ನುವ ಒಂದೇ ಕಾರಣಕ್ಕೆ ಯಾವುದಕ್ಕೂ ಕೈಮುಗಿಯಬೇಡಿ ಅನ್ನುವುದು ನಾನು ಅದರಿಂದ ಕಲಿತ ಪಾಠ.

ಗೆಳೆಯನ ಮಾತು ಸರಿ. ಆದರೆ ಅವನ ಮಾತಿನಲ್ಲೂ ಅಜ್ಜಿ ಇಲ್ಲ. ಬಾಲ್ಕನಿಯವರ ನೆನಪಿನಲ್ಲಿ ಅಜ್ಜಿಯ ಕಸಬರಿಕೆ ಇಲ್ಲ. ಗೆಳೆಯನ ಸಿಟ್ಟಿನಲ್ಲಿ ಅಜ್ಜಿಯ ಕಣ್ಣೀರು ಇಲ್ಲ. ಇಬ್ಬರೂ ಅವಳನ್ನು ಅರ್ಧ ಮಾಡಿದರು. ಕಸಬರಿಕೆ ಬಿಟ್ಟ ನೆನಪು ಸುಳ್ಳು. ಬರೀ ಕಸಬರಿಕೆಯ ನೆನಪೂ ಸುಳ್ಳೇ. ಯಾಕೆಂದರೆ ತಾತ ಅಲ್ಲಿ ನಕ್ಕಿದ್ದ. ನಮ್ಮ ಜನ ಎಲ್ಲೆಲ್ಲಿ ನೊಂದರು ಅನ್ನುವ ಲೆಕ್ಕ ನಾವು ಇಟ್ಟಿದ್ದೇವೆ, ಇಡಲೇಬೇಕು. ಎಲ್ಲಿ ನಕ್ಕರು ಅನ್ನುವ ಲೆಕ್ಕ ಇಡುವವರು ಯಾರು? ಅದನ್ನೂ ಉಳ್ಳವರಿಗೇ ಬಿಟ್ಟುಕೊಡೋಣವೆ?

* * *

ಗೆಳೆಯನಿಗೆ ನಾನು ಬಾಬಾಸಾಹೇಬರಿಂದಲೇ ಉತ್ತರ ಹುಡುಕಿದೆ. ಸಂವಿಧಾನದ 15ನೇ ವಿಧಿಯ ಎರಡನೆಯ ಭಾಗ ತೆಗೆದು ಓದಿ. ಜಾತಿ, ಧರ್ಮ, ಜನಾಂಗ, ಲಿಂಗ, ಹುಟ್ಟಿದ ಜಾಗ ಇವುಗಳ ಕಾರಣಕ್ಕೆ ಯಾವ ಪ್ರಜೆಯನ್ನೂ ತಡೆಯಕೂಡದ ಜಾಗಗಳ ಪಟ್ಟಿ ಅಲ್ಲಿದೆ. ಬಾವಿ ಇದೆ, ಕೆರೆ ಇದೆ, ಸ್ನಾನಘಟ್ಟ ಇದೆ, ರಸ್ತೆ ಇದೆ, ಅಂಗಡಿ ಹೋಟೆಲು ಇವೆ. ಅವುಗಳ ಜೊತೆಗೇ ಸಾರ್ವಜನಿಕ ಮನರಂಜನೆಯ ಸ್ಥಳಗಳೂ ಇವೆ.

ಮೊದಲ ಸಲ ಓದಿದಾಗ ಇದೇನು, ನೀರಿನ ಸಾಲಿನಲ್ಲಿ ಮನರಂಜನೆ ಅಂತ ಆಶ್ಚರ್ಯವಾಯಿತು. 1927ರಲ್ಲಿ ಮಹಾಡದ ಚೌದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದವರಿಗೆ ನೀರು ಏನು ಅಂತ ಗೊತ್ತಿತ್ತು. ಅವರ ಅಧ್ಯಕ್ಷತೆಯ ಸಮಿತಿ ಬರೆದ ಕರಡಿನಿಂದ ಬಂದ ಸಂವಿಧಾನದಲ್ಲೇ ನಗುವ ಜಾಗಕ್ಕೂ ನೀರಿನ ಪಕ್ಕದಲ್ಲೇ ಸ್ಥಾನ ಸಿಕ್ಕಿದೆ. ಮನುಷ್ಯ ಬರೀ ಹೊಟ್ಟೆಯಲ್ಲ. ಹತ್ತು ಜನರ ನಡುವೆ ಕೂತು, ಅವರು ನಕ್ಕದ್ದಕ್ಕೆ ನಕ್ಕು, ಅತ್ತದ್ದಕ್ಕೆ ಅತ್ತು ಎದ್ದು ಬರುವುದೂ ಬದುಕಿನ ಪಾಲು. ತಾತನಿಗೆ ಈ ವಿಧಿ ಗೊತ್ತಿರಲಿಲ್ಲ. ಗೋಲಿ ಸೋಡಾ ಬಾಯಿಗಿಟ್ಟಾಗ ಅವನು ಅದನ್ನೇ ಚಲಾಯಿಸುತ್ತಿದ್ದ.

ಹಳೆಯ ಟಾಕೀಸು ಈ ಮಾತನ್ನು ಅರ್ಧ ನಡೆಸಿತು. ಹೊಸದು ಏನು ಮಾಡಿತು? 2024ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಒಂದು ಮಾಲ್‌ನಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆ ಅಂತ ಬಾಗಿಲಲ್ಲೇ ತಡೆದರು. ಕೈಯಲ್ಲಿ ಟಿಕೆಟ್ ಇತ್ತು. ರೈತರು, ಕನ್ನಡ ಸಂಘಟನೆಯವರು ಬೀದಿಗಿಳಿದ ಮೇಲೆ, ಏಳು ದಿನ ಮಾಲ್ ಮುಚ್ಚಿಸುವುದಾಗಿ ಸರ್ಕಾರ ಹೇಳಬೇಕಾಯಿತು. 15ನೇ ವಿಧಿಯಲ್ಲಿ ಪಂಚೆಯ ಮಾತಿಲ್ಲ. ದುಡ್ಡಿನ ಮಾತೂ ಇಲ್ಲ. ಜಾತಿ ಕೇಳಬೇಡ ಅಂದರೆ ಬಟ್ಟೆ ಕೇಳುತ್ತಾರೆ, ಬಟ್ಟೆ ಕೇಳಬೇಡ ಅಂದರೆ ಟಿಕೆಟ್ಟಿನ ಬೆಲೆ ಏರಿಸುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದು ಅಂತ ಸರ್ಕಾರ ನಿಯಮ ತಂದಿತು. ಅದೇ ತಿಂಗಳು ಹೈಕೋರ್ಟಿನಿಂದ ಅದಕ್ಕೆ ತಡೆ ಬಂತು. ಇನ್ನೂರೇ ಅಂದುಕೊಂಡರೂ ಮನೆಯ ಐದು ಜನಕ್ಕೆ ಸಾವಿರ. ಅಪ್ಪ ಟಾಕೀಸು ಕೆಡವಿದ ಒಂದು ದಿನದ ಕೂಲಿ ಏಳುನೂರು.

ನಮ್ಮ ಚಿಕ್ಕಪ್ಪನ ಮಗಳು ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸಿನಲ್ಲಿ ಕೆಲಸಕ್ಕಿದ್ದಾಳೆ. ಅದಕ್ಕೀಗ ಕಸ ಗುಡಿಸುವುದು ಅನ್ನುವುದಿಲ್ಲ, ಹೌಸ್‌ಕೀಪಿಂಗ್ ಅನ್ನುತ್ತಾರೆ. ನೀಲಿ ಯೂನಿಫಾರ್ಮು, ಕೈಗೆ ಗ್ಲೌಸು, ಕಂಟ್ರಾಕ್ಟರ್ ಕೊಡುವ ಸಂಬಳ. ಹಬ್ಬಕ್ಕೆ ಬಂದವಳನ್ನು ಅಜ್ಜಿ ಕೇಳಿದಳು: “ಸಿನ್ಮಾ ನೋಡಕ್ಕೆ ಬುಡ್ತಾರೇನವ್ವ?”

“ಇಲ್ಲ ಕಣಜ್ಜಿ. ಲಾಸ್ಟಲ್ಲಿ ಹೆಸ್ರು ಬರುವಾಗ ಬಾಗ್ಲತ್ರ ಚೀಲ ಹಿಡ್ಕಂಡು ನಿಂತಿರ್ಬೇಕು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆ ನಗು ಕೇಳಿ ನನ್ನ ಎದೆ ಕಲ್ಲಾಯಿತು. ಕಟ್ಟಡ ಬಿತ್ತು, ಕ್ಲಾಸುಗಳ ಹೆಸರು ಬದಲಾಯಿತು, ಕತ್ತಲಿಗೆ ಏಸಿ ಬಂತು. ಬಾಗಿಲಲ್ಲಿ ನಿಂತವಳು ಮಾತ್ರ ನಮ್ಮ ಮನೆಯವಳೇ.

* * *

ಹಾಗಾದರೆ ನಾವು ಅಳಬಹುದೆ? ಈಗ ನನಗೆ ಅನ್ನಿಸುವುದು ಹೀಗೆ. ಅಜ್ಜಿ ಅತ್ತದ್ದು ಧಣಿಯ ಕಟ್ಟಡಕ್ಕಲ್ಲ. ಒಳಗೊಂದು ದೀಪ ಹತ್ತಿಸಿ, ಎಲ್ಲರೂ ಬನ್ನಿ ಅಂತ ಒಂದು ಜಾಗ ಹೇಳಿತ್ತು. ಹೇಳಿದ್ದನ್ನು ಅರ್ಧ ನಡೆಸಿತು, ಇನ್ನರ್ಧ ಬಾಕಿ ಉಳಿಸಿಕೊಂಡಿತು. ಈಗ ಬಾಕಿ ತೀರಿಸದೆ ಹೋಯಿತು. ಸಾಲಗಾರ ಸತ್ತರೆ ಸಾಲ ಕೊಟ್ಟವನಿಗೆ ಬರುವ ದುಃಖ ಅದು. ಆ ದುಃಖ ಗುಲಾಮಗಿರಿಯಲ್ಲ, ನಮ್ಮದು ಬರಬೇಕಾದ್ದಿದೆ ಅನ್ನುವ ನೆನಪು. ಅದನ್ನು ಮರೆತರೆ ಸಾಲ ಮನ್ನಾ ಮಾಡಿದ ಹಾಗೆ. ಆದ್ದರಿಂದ ಅಳುವುದು ತಪ್ಪಲ್ಲ, ಅತ್ತು ಸುಮ್ಮನಾಗುವುದು ತಪ್ಪು. ಹಳೆಯ ಟಾಕೀಸನ್ನು ಹಾಗೇ ಎತ್ತಿ ನಿಲ್ಲಿಸಿ ಅಂತ ನಾನು ಕೇಳುವುದಿಲ್ಲ. ಪಕ್ಕದ ಓಣಿಯ ಬಾಗಿಲು, ಅವ್ವನ ಸೇಫ್ಟಿ ಪಿನ್ನು ಸಮೇತ ಅದು ನಮಗೆ ಬೇಡ. ಕಡಿಮೆ ದುಡ್ಡಿಗೆ, ಯಾರು ಅಂತ ಕೇಳದೆ, ದೀಪ ಹತ್ತಿದ ಮೇಲೂ ಟವೆಲ್ಲು ಹೆಗಲ ಮೇಲೇ ಇರುವಂಥ ಒಂದು ಜಾಗ ಪ್ರತಿ ತಾಲ್ಲೂಕಿಗೂ ಬೇಕು. ಅದನ್ನು ಕೇಳಿ ಪಡೆಯಬೇಕು, ಆಗದಿದ್ದರೆ ನಾವೇ ಶುರು ಮಾಡಬೇಕು.

ಅಪ್ಪ ಕೂಲಿಯ ಕೊನೆಯ ವಾರ ದುಡ್ಡಿನ ಬದಲು ಹಳೆ ಇಟ್ಟಿಗೆ ಕೇಳಿ ಪಡೆದ. ಒಂದು ಟ್ರ್ಯಾಕ್ಟರ್ ಲೋಡು. ಅದರಲ್ಲಿ ಮನೆಯ ಹಿಂದೆ ಕಕ್ಕಸು, ಬಚ್ಚಲು ಕಟ್ಟಿದ. ಇದು ಬಾಲ್ಕನಿ ಇಟ್ಟಿಗೆಯೋ ಗಾಂಧಿ ಕ್ಲಾಸಿನದೋ ಅಂತ ತಮಾಷೆಗೆ ಕೇಳಿದೆ. “ಗಾರೆ ಕೆರೆದ್ ಮ್ಯಾಲೆ ಇಟ್ಗೆಗೆ ಯಾವ್ ಕ್ಲಾಸ್ಲ?” ಅಂದ.

ಹೋದ ತಿಂಗಳು ನಾವು ಕೆಲವು ಹುಡುಗರು ಸೇರಿ ಕೇರಿಯ ಅಂಬೇಡ್ಕರ್ ಭವನದ ಗೋಡೆಗೆ ಬಿಳಿ ಪಂಚೆ ಕಟ್ಟಿ ‘ಚೋಮನ ದುಡಿ’ ತೋರಿಸಿದೆವು. ಪ್ರೊಜೆಕ್ಟರ್ ತಂದವರು ನಮ್ಮ ಹೈಸ್ಕೂಲಿನ ಮೇಷ್ಟ್ರು, ಅದೇ ಟಾಕೀಸಿನ ಬಾಲ್ಕನಿಯಲ್ಲಿ ಕೂತು ಬೆಳೆದವರು. ಅವರ ಓಣಿಯಿಂದ ಇನ್ನೂ ನಾಲ್ಕು ಜನ ಬಂದಿದ್ದರು. ಅಜ್ಜಿಯನ್ನು ನಡುವೆ ಕುರ್ಚಿ ಹಾಕಿ ಕೂರಿಸಿದೆವು. ಬದುಕಿನಲ್ಲಿ ಮೊದಲ ಸಲ ಒಂದು ಸಿನಿಮಾವನ್ನು ಮೊದಲಿಂದ ನೋಡಿದಳು. ನಡುವೆ ಒಂದೇ ಮಾತು ಆಡಿದಳು: “ಇದು ನಮ್ ಮಾವನ್ ಕತೆ ಕಣ್ ಮಗ.”

ಮುಗಿದು ದೀಪ ಹಾಕಿದಾಗ ಅಜ್ಜಿ ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡಳು.

“ಎಲ್ಲಿಗಜ್ಜಿ?”

“ಗುಡುಸ್ಬ್ಯಾಡ್ವೇನ್ ಮಗ?”

ಯಾರೂ ಮಾತಾಡಲಿಲ್ಲ. ಕಸಬರಿಕೆ ಬಾಗಿಲ ಮೂಲೆಯಲ್ಲಿತ್ತು. ನಾನು ಏಳಲು ಹೋದೆ. ಅಷ್ಟರಲ್ಲಿ ಮೇಷ್ಟ್ರು ಎದ್ದು ಹೋಗಿ ಅದನ್ನು ಕೈಗೆತ್ತಿಕೊಂಡರು. ಅವರಿಗೆ ಸರಿಯಾಗಿ ಗುಡಿಸಲಿಕ್ಕೆ ಬರಲಿಲ್ಲ. ಧೂಳೆಲ್ಲ ಎದ್ದಿತು. ಅಜ್ಜಿ ನಗುತ್ತಾ, “ಬಗ್ಗಿ ಗುಡುಸ್ಬೇಕು ಸಾಮಿ, ಬಗ್ಗಿ” ಅಂದಳು.

‘ಸಾಮಿ’ ಅನ್ನುವ ಆ ಮಾತು ಇನ್ನೂ ಹೋಗಿಲ್ಲ, ನಿಜ. ಮುಂದಿನ ತಿಂಗಳು ಇನ್ನೊಂದು ಸಿನಿಮಾ ಹಾಕುತ್ತೇವೆ. ನಿಮ್ಮೂರಲ್ಲಿ ಟಾಕೀಸು ಬಿದ್ದಿದ್ದರೆ ನೀವೂ ಹಾಕಿ. ದೀಪ ಹತ್ತಿಸಿದ ಮೇಲೆ ಕಸಬರಿಕೆ ಯಾರ ಕೈಗೆ ಹೋಗುತ್ತೆ ಅಂತ ನೋಡಿ, ನಮಗೂ ಬರೆದು ತಿಳಿಸಿ.